ಸಂಜೆಗೆ ವಾಪಸು ಬರುವ ತಂಪು

ಮಂಡ್ಯದಿಂದ ಬೆಳಿಗ್ಗೆ ಏಳು ಗಂಟೆಗೆ ಹೊರಟ ನಮ್ಮ ಹಳೆಯ ವ್ಯಾನಿನಲ್ಲಿ ಮೈಸೂರು ಮುಟ್ಟುವವರೆಗೂ ಎ.ಸಿ. ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಹಿಂದಿರುಗುವಾಗ ಮಾತ್ರ, ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಬಿಸಿಗಾಳಿ ಬೀಸತೊಡಗುತ್ತಿತ್ತು. ಇಂಥ ತಕರಾರಿಗೆ ಗ್ಯಾರೇಜುಗಳಲ್ಲಿ ಮೊದಲು ಸಿಗುವ ಉತ್ತರ ‘ಗ್ಯಾಸ್ ಹೋಗಿದೆ, ಹಾಕಿಸಿ’ ಎಂಬುದು. ಆದರೆ ಹೊತ್ತು ಮುಳುಗಿ ಎಂಜಿನ್ ತಣಿದ ಮೇಲೆ ಅದೇ ಎ.ಸಿ. ಮತ್ತೆ ತಂಪು ಕೊಡುತ್ತಿತ್ತು. ಸೋರಿಹೋದ ಗ್ಯಾಸು ಸಂಜೆಗೆ ತಾನಾಗಿ ವಾಪಸು ಬರುವುದಿಲ್ಲ. ಬಿಸಿಯಾದಾಗ ಕಾಣಿಸಿಕೊಂಡು ತಣಿದಾಗ ಮಾಯವಾಗುವ ದೋಷವನ್ನು ಮೊದಲು ವಿದ್ಯುತ್ತಿನ ಹಾದಿಯಲ್ಲಿ ಹುಡುಕುವುದು ಜಾಣತನ.

ಬಾನೆಟ್ ಎತ್ತಿ ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರಿನ ಮುಖವನ್ನು ನೋಡಬೇಕು. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಬೆಲ್ಟಿನ ಪುಲ್ಲಿ ತಿರುಗುತ್ತಲೇ ಇರುತ್ತದೆ. ಅದರ ಮುಂದಿರುವ ಉಕ್ಕಿನ ತಟ್ಟೆ ಮಾತ್ರ ಸುಮ್ಮನಿರುತ್ತದೆ. ಎ.ಸಿ. ಗುಂಡಿ ಒತ್ತಿದಾಗ ಪುಲ್ಲಿಯ ಹಿಂದಿನ ತಾಮ್ರದ ಸುರುಳಿಗೆ ವಿದ್ಯುತ್ ಹರಿದು, ಅದು ಅಯಸ್ಕಾಂತವಾಗಿ, ತಟ್ಟೆಯನ್ನು ‘ಟಕ್’ ಎಂದು ಎಳೆದುಕೊಳ್ಳುತ್ತದೆ. ಇದೇ ಕ್ಲಚ್. ತಟ್ಟೆ ಪುಲ್ಲಿಗೆ ಕಚ್ಚಿಕೊಂಡರೆ ಮಾತ್ರ ಕಂಪ್ರೆಸರ್ ತಿರುಗುತ್ತದೆ. ತಟ್ಟೆಗೂ ಪುಲ್ಲಿಗೂ ನಡುವಿನ ಅಂತರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ವರ್ಷಗಳ ಸವೆತದಿಂದ ಅದು ಹೆಚ್ಚುತ್ತಾ ಹೋಗುತ್ತದೆ, ಅಂತರ ಹೆಚ್ಚಿದಷ್ಟೂ ಎಳೆಯಲು ಹೆಚ್ಚು ಬಲ ಬೇಕಾಗುತ್ತದೆ.

ಬಿಸಿಲು ಈ ಲೆಕ್ಕದೊಳಗೆ ಬರುವುದು ತಾಮ್ರದ ಮೂಲಕ. ತಾಪಮಾನ ಒಂದೊಂದು ಡಿಗ್ರಿ ಏರಿದಂತೆ ತಾಮ್ರದ ರೋಧ, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಸುಮಾರು ಶೇ. 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 3.6 ಓಮ್ ಇರುವ ಸುರುಳಿ, ಎಂಜಿನ್ನಿನ ಬಿಸಿಗೆ 100 ಡಿಗ್ರಿ ಮುಟ್ಟಿದಾಗ 4.7 ಓಮ್ ಆಗುತ್ತದೆ. 13.5 ವೋಲ್ಟಿನಲ್ಲಿ ಮೊದಲು 3.75 ಆಂಪಿಯರ್ ಹರಿಯುತ್ತಿದ್ದುದು ಈಗ 2.9ಕ್ಕೆ ಇಳಿಯಿತು. ಇಲ್ಲಿಯವರೆಗೆ ಇದು ಹೊಸ ಗಾಡಿಯಲ್ಲೂ ನಡೆಯುವಂಥದ್ದೇ, ಕ್ಲಚ್ ಅದನ್ನು ತಾಳಿಕೊಳ್ಳುತ್ತದೆ. ಹಳೆಯ ವ್ಯಾನಿನಲ್ಲಿ ತುಕ್ಕು ಹಿಡಿದ ಅರ್ಥಿಂಗ್ (ವಿದ್ಯುತ್ತು ವ್ಯಾನಿನ ಮೈಯ ಮೂಲಕ ಬ್ಯಾಟರಿಗೆ ಮರಳುವ ಹಾದಿಯ) ಜೋಡಣೆಯೊಂದು 1.4 ವೋಲ್ಟನ್ನು ತಾನೇ ನುಂಗಿದರೆ, ಉಳಿಯುವುದು ಸುಮಾರು 2.6 ಆಂಪಿಯರ್. ಸೆಳೆಯುವ ಬಲ ಹೆಚ್ಚುಕಡಿಮೆ ಆಂಪಿಯರಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿರುವುದರಿಂದ, ಅದು ಮೊದಲಿನ ಅರ್ಧಕ್ಕಿಂತಲೂ ಕಡಿಮೆಯಾಗಿರುತ್ತದೆ. ಸವೆದ ತಟ್ಟೆ ಆಗ ಕಚ್ಚಿಕೊಳ್ಳುವುದಿಲ್ಲ.

ಬಿಸಿಯಲ್ಲಿ ಎ.ಸಿ.ಯನ್ನು ನಿಲ್ಲಿಸುವ ಬೇರೆ ಕಾರಣವೂ ಉಂಟು. ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರಿನ ಫ್ಯಾನ್ ತಿರುಗದಿದ್ದರೆ ಗ್ಯಾಸಿನ ಒತ್ತಡ ಮಿತಿ ಮೀರಿ, ಪ್ರೆಶರ್ ಸ್ವಿಚ್ ಕ್ಲಚ್ಚಿನ ವಿದ್ಯುತ್ತನ್ನು ಕಡಿಯುತ್ತದೆ. ಗ್ಯಾಸ್ ತೀರಾ ಕಡಿಮೆಯಾದರೂ ಅದು ಕಡಿಯುತ್ತದೆ. ಆದ್ದರಿಂದ ದೋಷ ಕಾಣಿಸಿಕೊಂಡಿರುವಾಗಲೇ ಕ್ಲಚ್ಚಿನ ವೈರಿಗೆ ಕರೆಂಟು ಬರುತ್ತಿದೆಯೇ ಎಂದು ನೋಡಬೇಕು. ಬಾರದಿದ್ದರೆ ಹಿಂದಕ್ಕೆ ಸರಿದು ಪ್ರೆಶರ್ ಸ್ವಿಚ್, ರಿಲೇ (ವಿದ್ಯುತ್ತಿನಿಂದಲೇ ಕೆಲಸ ಮಾಡುವ ಸ್ವಿಚ್ಚು), ಫ್ಯೂಸ್‌ಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಸುಟ್ಟ ಫ್ಯೂಸಿನ ಜಾಗಕ್ಕೆ ಹೆಚ್ಚು ಆಂಪಿಯರಿನದನ್ನು ಸಿಕ್ಕಿಸುವವರಿದ್ದಾರೆ. ಅದು ವೈರಿಂಗಿಗೆ ಬೆಂಕಿ ಇಡುವ ಕೆಲಸ.

ಕರೆಂಟು ಬಂದೂ ತಟ್ಟೆ ಕಚ್ಚದಿದ್ದರೆ, ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ವೈರು ಅಳೆದು ‘ಸರಿ ಇದೆ’ ಎನ್ನುವುದು ಮೋಸ ಹೋಗುವ ದಾರಿ. ಓಮ್ ಅಳೆಯುವಾಗ ಮೀಟರು ಹರಿಸುವುದು ಮಿಲಿಆಂಪಿಯರಿನಷ್ಟು, ಇಲ್ಲವೇ ಅದಕ್ಕೂ ಕಡಿಮೆ. ಕಸ ಕಟ್ಟಿದ ತೂಬಿನಲ್ಲೂ ಒಂದು ತಂಬಿಗೆ ನೀರು ಹರಿಯುತ್ತದೆ. ತೂಬಿನ ಯೋಗ್ಯತೆ ತಿಳಿಯುವುದು ನಾಲೆಯ ನೀರು ಪೂರಾ ಬಿಟ್ಟಾಗ. ಎ.ಸಿ. ಹಾಕಿರುವಾಗಲೇ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಸುರುಳಿಯ ಅರ್ಥಿಂಗಿಗೂ, ಬೆಲ್ಟಿನಿಂದ ಕೈ ದೂರವಿಟ್ಟು, ಮುಟ್ಟಿಸಬೇಕು. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗಿನ ಹಾದಿ ಕೆಟ್ಟಿದೆ ಎಂದು ತಿಳಿಯಬಹುದು.

ನಮ್ಮ ವ್ಯಾನಿನಲ್ಲಿ ಅದು 1.4 ತೋರಿಸಿತು. ಬ್ಯಾಟರಿ ಟ್ರೇಯ ಕೆಳಗೆ, ಅರ್ಥಿಂಗ್ ವೈರನ್ನು ವ್ಯಾನಿನ ಮೈಗೆ ಬಿಗಿದ ಬೋಲ್ಟಿನ ಸುತ್ತ ಹಸಿರು ಪುಡಿ ಕಟ್ಟಿತ್ತು. ಬನ್ನಿಮಂಟಪದ ಬಳಿಯ ಎಲೆಕ್ಟ್ರಿಷಿಯನ್ ಒಬ್ಬರು ಬ್ಯಾಟರಿ ಕನೆಕ್ಷನ್ ತೆಗೆದಿಟ್ಟು, ಬೋಲ್ಟ್ ಬಿಚ್ಚಿ, ಎಮೆರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿದರು, ಮೀಟರು 0.1ಕ್ಕೆ ಇಳಿಯಿತು. ಬಳಿಕ ಎಂಜಿನ್ ನಿಲ್ಲಿಸಿ ತಟ್ಟೆಯ ಅಂತರ ಅಳೆದಾಗ 0.9 ಮಿಲಿಮೀಟರ್ ಇತ್ತು. ಅಂತರ ಕಿರಿದಾಗಲೆಂದು ತಟ್ಟೆ ಕಳಚಿ, ಅದರ ಹಿಂದಿನಿಂದ ಉಗುರಿನಷ್ಟೂ ದಪ್ಪವಿಲ್ಲದ ವಾಷರ್ ಒಂದನ್ನು ತೆಗೆದು ನನ್ನ ಅಂಗೈಗೆ ಹಾಕಿದರು.