ಮಣ್ಣು ಮೆತ್ತಿದ ಪ್ಲಾಸ್ಟಿಕ್ ಎಲ್ಲಿಗೆ ಹೋಗಬೇಕು?

ರಾಣೆಬೆನ್ನೂರು ಸುತ್ತಲಿನ ಹೊಲಗಳಲ್ಲಿ ಮೆಣಸಿನಕಾಯಿ, ಟೊಮೆಟೊ ಬೆಳೆ ಮುಗಿದ ಮೇಲೆ ಬದುವಿನಲ್ಲೊಂದು ರಾಶಿ ಬೀಳುತ್ತದೆ. ಒಂದು ಮಗ್ಗಲು ಬೆಳ್ಳಿ ಬಣ್ಣ, ಇನ್ನೊಂದು ಕಪ್ಪು, ಮೈತುಂಬ ಒಣಗಿದ ಕೆಸರು. ರೈತರ ಬಾಯಲ್ಲಿ ಅದು ಮಲ್ಚಿಂಗ್ ಪೇಪರ್. ಹೆಸರಿಗೆ ಪೇಪರ್, ನಿಜಕ್ಕೂ ಅದು ಹೆಚ್ಚಾಗಿ 25ರಿಂದ 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪದ ಪಾಲಿಥಿನ್ ಹಾಳೆ. ಕಳೆ ತಡೆಯುತ್ತದೆ, ತೇವ ಉಳಿಸುತ್ತದೆ, ಅದರ ಉಪಕಾರ ದೊಡ್ಡದೇ. ಆದರೆ ಕೀಳುವಾಗ ಚಿಂದಿಚಿಂದಿಯಾಗಿ ಬರುತ್ತದೆ. ಅಂಟಿದ ಮಣ್ಣು ಎಷ್ಟೋ ಸಲ ಹಾಳೆಗಿಂತ ಹೆಚ್ಚು ತೂಗುತ್ತದೆ. ಗುಜರಿ ಅಂಗಡಿಗೆ ಒಯ್ದ ಹಿರಿಯ ರೈತರೊಬ್ಬರಿಗೆ ಸಿಕ್ಕ ಉತ್ತರ: "ಮಣ್ಣಿಗೆ ರೊಕ್ಕ ಕೊಡಾಕ ಬರೂದಿಲ್ರಿ ಕಾಕಾ, ತೊಳದು ತರ್ರಿ." ಬೆಳೆಗೇ ನೀರು ಸಾಲದ ಊರಲ್ಲಿ ಹಾಳೆ ತೊಳೆಯುವವರು ಯಾರು? ಮರುದಿನ ಬದುವಿನಲ್ಲೇ ಬೆಂಕಿ ಹಚ್ಚಿದರು.

ಹುಬ್ಬಳ್ಳಿಯ ಕಾರವಾರ ರಸ್ತೆಯ ಕಸದ ಗುಡ್ಡದಲ್ಲೂ ಧಾರವಾಡದ ಹೊಸಯಲ್ಲಾಪುರದಲ್ಲೂ ಬಿದ್ದಿರುವುದು ಇದೇ ಜಾತಿಯ ಸರಕು. ಅನ್ನ, ಎಣ್ಣೆ, ಮಣ್ಣು ಹತ್ತಿದ್ದು, ನಾಲ್ಕೈದು ಬಗೆಯ ಪ್ಲಾಸ್ಟಿಕ್ ಒಂದರೊಳಗೊಂದು ಸಿಕ್ಕಿದ್ದು. ಇಂಥದ್ದನ್ನೂ ಮರುಬಳಕೆ ಮಾಡಬಲ್ಲ ಹೊಸ ವಿಧಾನಗಳು ಬಂದಿವೆ ಎಂಬ ಸುದ್ದಿ ಈಚೆಗೆ ಮೇಲಿಂದ ಮೇಲೆ ಕಿವಿಗೆ ಬೀಳುತ್ತಿದೆ. ಅದರಲ್ಲಿ ನಿಜವೆಷ್ಟು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1950ರ ದಶಕದಲ್ಲಿ ಯುರೋಪಿನ ಪ್ರಯೋಗಾಲಯಗಳಲ್ಲಿ ಗಟ್ಟಿ ಪಾಲಿಥಿನ್ನೂ ಪಾಲಿಪ್ರೊಪಿಲಿನ್ನೂ ಸಿದ್ಧವಾದವು, 80ರ ದಶಕದಲ್ಲಿ ಶಾಂಪೂ ಸ್ಯಾಚೆಟ್ಟು ನಮ್ಮ ಕಿರಾಣಿ ಅಂಗಡಿಗಳಲ್ಲಿ ಮಾಲೆಯಾಗಿ ತೂಗಿತು. ಕಾನೂನು ಮಾತ್ರ ಬಹುಕಾಲ ಕ್ಯಾರಿ ಬ್ಯಾಗಿನ ಕನಿಷ್ಠ ದಪ್ಪವನ್ನೇ ಅಳೆಯುತ್ತ ಕೂತಿತು. 1999ರಲ್ಲಿ 20 ಮೈಕ್ರಾನ್, 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120. ಕರ್ನಾಟಕ 2016ರ ಮಾರ್ಚಿನಲ್ಲೇ ಕ್ಯಾರಿ ಬ್ಯಾಗು, ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಿಷೇಧಿಸಿತು. ಚಿಪ್ಸ್, ಬಿಸ್ಕತ್ತಿನ ಹೊದಿಕೆ ಉಳಿದುಕೊಂಡಿತು.

ಆ ಹೊದಿಕೆಗೂ ಒಂದು ಗಡುವು ಇತ್ತು. ಬೇರೆ ಬೇರೆ ವಸ್ತುಗಳ ಪದರಗಳನ್ನು ಅಂಟಿಸಿ ಮಾಡಿದ, ಮರುಬಳಕೆಯಾಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕೆಂದು 2016ರ ಕೇಂದ್ರ ನಿಯಮ ಹೇಳಿತ್ತು. ಗಡುವು ಮುಗಿಯುವ ಹೊತ್ತಿಗೆ, 2018ರ ತಿದ್ದುಪಡಿಯಲ್ಲಿ ವಾಕ್ಯ ಬದಲಾಯಿತು. ಮರುಬಳಕೆಯಾಗದ, ಸುಟ್ಟು ಶಕ್ತಿ ಪಡೆಯಲೂ ಬಾರದ, ಬೇರೆ ಉಪಯೋಗವೂ ಇಲ್ಲದ ಪ್ಲಾಸ್ಟಿಕ್ಕಿಗೆ ಮಾತ್ರ ನಿಯಮ ಅನ್ವಯ ಎಂದಾಯಿತು. ಸುಟ್ಟರೆ ಶಾಖ ಕೊಡದ ಹೊದಿಕೆ ಎಲ್ಲಿದೆ? 2016ರ ಆ ಒಂದು ವಾಕ್ಯ ಹಾಗೇ ಉಳಿದಿದ್ದರೆ ಇಂದು ನಮ್ಮ ಗಟಾರಗಳ ಸ್ಥಿತಿ ಬೇರೆ ಇರುತ್ತಿತ್ತು ಎಂದೇ ನನಗನ್ನಿಸುತ್ತದೆ.

ಹಳೆಯ ಮರುಬಳಕೆ ಸರಳ: ವಿಂಗಡಿಸು, ಚೂರು ಮಾಡು, ತೊಳೆ, ಕರಗಿಸಿ ಕಾಳು ಮಾಡು. ಒಣ ಕಸ ವಿಂಗಡಿಸುವ ಹೆಣ್ಣುಮಕ್ಕಳು ಇದರ ಮೊದಲ ಹಂತವನ್ನು ಬೆರಳು, ಕಿವಿಗಳಿಂದಲೇ ಮಾಡುತ್ತಾರೆ. ಕವರನ್ನು ಮುಷ್ಟಿಯಲ್ಲಿ ಹಿಂಡುತ್ತಾರೆ. ಹಾಲಿನ ಪ್ಯಾಕೆಟ್ಟು ಸದ್ದಿಲ್ಲದೆ ಮುದುಡುತ್ತದೆ, ಅದು ಒಂದು ಚೀಲಕ್ಕೆ. ಬಿಸ್ಕತ್ತಿನ ಹೊದಿಕೆ ಚರಚರ ಎನ್ನುತ್ತದೆ, ಅದು ಇನ್ನೊಂದಕ್ಕೆ. ಒಳಗೆ ಬೆಳ್ಳಿ ಹೊಳೆದರೆ ಮೂಲೆಗೆ. ಆ ಮೂಲೆಯ ರಾಶಿಗೇ ಕೊಳ್ಳುವವರಿಲ್ಲ. ಅದು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಬೇಕು, ಇಲ್ಲವೇ ಗುಡ್ಡ ಸೇರಬೇಕು.

ಹೊಸ ವಿಧಾನಗಳು ಹೆಚ್ಚಾಗಿ ಈ ಮೂಲೆಯ ರಾಶಿಯನ್ನೇ ಗುರಿಯಾಗಿಸಿಕೊಂಡಿವೆ. ಹೆಚ್ಚು ಹೆಸರಾದದ್ದು ಪೈರೋಲಿಸಿಸ್. ಗಾಳಿಯಾಡದ ಪಾತ್ರೆಯಲ್ಲಿ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಕಾಯಿಸಿದರೆ ಪ್ಲಾಸ್ಟಿಕ್ಕಿನ ಅಣುಗಳ ಉದ್ದನೆಯ ಸರಪಳಿಗಳು ತುಂಡಾಗಿ ಆವಿಯಾಗುತ್ತವೆ, ಆವಿ ತಣಿದು ಎಣ್ಣೆಯಾಗುತ್ತದೆ. ಏನು ಹಾಕಿದರೂ ನಡೆಯುತ್ತದೆ ಎಂಬ ಮಾತು ಹುಟ್ಟಿದ್ದು ಇದರಿಂದಲೇ. ಆದರೆ ಪೈಪು, ವೈರಿನ ಪಿವಿಸಿ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿ ಯಂತ್ರದ ಕಬ್ಬಿಣ ತಿನ್ನುತ್ತದೆ. ನೀರಿನ ಬಾಟಲಿಯ ಪೆಟ್ ಸೇರಿದರೆ ಎಣ್ಣೆಯ ಗುಣ ಕೆಟ್ಟು, ಕೊಳವೆಗಳಲ್ಲಿ ಹರಳು ಕಟ್ಟುತ್ತದೆ. ಒದ್ದೆಯಿದ್ದರೆ ನೀರು ಕುದಿಸುವುದಕ್ಕೇ ಶಾಖ ಸೋರುತ್ತದೆ, ಮಣ್ಣು, ಅಲ್ಯುಮಿನಿಯಂ ಎಲ್ಲ ತಳದಲ್ಲಿ ಕರಿಯ ಜೊತೆ ಉಳಿಯುತ್ತವೆ. ಇದೆಲ್ಲ ದಾಟಿ ಎಣ್ಣೆ ಬಂದರೂ ಅದನ್ನು ಉರಿಸಿದರೆ ಪ್ಲಾಸ್ಟಿಕ್ ಮರಳಿ ಸಿಕ್ಕಂತಾಗುವುದಿಲ್ಲ. 2022ರ ಉತ್ಪಾದಕರ ಹೊಣೆಗಾರಿಕೆಯ ಮಾರ್ಗಸೂಚಿಯೂ ಪ್ಲಾಸ್ಟಿಕ್ಕಿನಿಂದ ಎಣ್ಣೆ ತೆಗೆಯುವುದನ್ನು ರಸ್ತೆ ಡಾಂಬರು, ಸಿಮೆಂಟ್ ಗೂಡಿನ ಸಾಲಿನಲ್ಲಿ, ಕೊನೆಯ ವಿಲೇವಾರಿ ಎಂದೇ ಇಟ್ಟಿದೆ.

ಎರಡನೆಯದು ದ್ರಾವಕದ ವಿಧಾನ. ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಇದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2020ರಲ್ಲಿ ಬಹುಪದರದ ಹಾಳೆಯ ಒಂದೊಂದೇ ಪದರವನ್ನು ಅದಕ್ಕೆ ಒಗ್ಗುವ ದ್ರಾವಕದಲ್ಲಿ ಕರಗಿಸಿ, ಮರಳಿ ಗಟ್ಟಿ ಮಾಡಿ ಬೇರ್ಪಡಿಸಿ ತೋರಿಸಿದರು. ಇಲ್ಲಿ ಸರಪಳಿ ಮುರಿಯುವುದಿಲ್ಲ. ಆದರೆ ಯಾವ ಪದರ ಯಾವುದೆಂದು ಮೊದಲೇ ಗೊತ್ತಿರಬೇಕು, ದ್ರಾವಕ ಹನಿಯೂ ಪೋಲಾಗದಂತೆ ಮರಳಿ ಸಿಗಬೇಕು.

ಮೂರನೆಯದು ಕಿಣ್ವ, ಅಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆ ಚುರುಕುಗೊಳಿಸುವ ಎಂಜೈಮ್. ಪೆಟ್ ತಿನ್ನುವ ಬ್ಯಾಕ್ಟೀರಿಯವನ್ನು ಜಪಾನಿನವರು 2016ರಲ್ಲಿ ವರದಿ ಮಾಡಿದರು. 2020ರಲ್ಲಿ ಫ್ರಾನ್ಸಿನವರು ಸುಧಾರಿಸಿದ ಕಿಣ್ವವೊಂದು 10 ಗಂಟೆಯಲ್ಲಿ ಶೇ. 90ರಷ್ಟು ಪೆಟ್ಟನ್ನು ಮೂಲ ಘಟಕಗಳಿಗೆ ಒಡೆಯಿತು. ಪಕ್ಕದಲ್ಲಿ ಪಾಲಿಥಿನ್ನಿನ ಹಾಲಿನ ಪ್ಯಾಕೆಟ್ಟಿದ್ದರೆ ಆ ಕಿಣ್ವ ಅದನ್ನು ಮುಟ್ಟುವುದೂ ಇಲ್ಲ.

ಹೀಗೆ ಮೂರೂ ದಾರಿಗಳು ಸುತ್ತಿ ಬಂದು ನಿಲ್ಲುವುದು ಆ ವಿಂಗಡಣೆಯ ಮೇಜಿನ ಮುಂದೆಯೇ. ಯಂತ್ರಕ್ಕೆ ಹೂಡುವ ದುಡ್ಡಿನಲ್ಲಿ ಒಂದು ಪಾಲು ಅಲ್ಲಿ ಕೂತವರ ಕೂಲಿಗೆ, ಕೈಗವಸಿಗೆ, ನೆರಳಿಗೆ ಹೋಗಬೇಕು. ಪ್ರತಿ ಮನೆಯ ಬಾಗಿಲಲ್ಲೂ ಹಸಿ ಕಸ, ಒಣ ಕಸ ಬೇರೆಯಾಗಿ ಟಿಪ್ಪರ್ ಗಾಡಿ ಹತ್ತಬೇಕು.

ಮಲ್ಚಿಂಗ್ ಹಾಳೆಗೂ ಹೊಲದಲ್ಲೇ ಮಾಡಬಹುದಾದದ್ದಿದೆ. ತುಸು ದಪ್ಪದ ಹಾಳೆ ಹಾಸಿದರೆ ಕೀಳುವಾಗ ಹರಿಯದೆ ಬರುತ್ತದೆ. ನೆಲ ಒಣಗಿದಾಗ ಕಿತ್ತು, ಬಿಸಿಲಲ್ಲಿ ಹರವಿ ಝಾಡಿಸಿದರೆ ಬಹಳಷ್ಟು ಮಣ್ಣು ಅಲ್ಲೇ ಉದುರುತ್ತದೆ. ಸುತ್ತಿಟ್ಟ ಆ ಹೊರೆಯನ್ನು ತೂಕ ಮಾಡಿ ಕೊಳ್ಳುವ ಜಾಗವೊಂದು ಹಂಗಾಮಿನ ಕೊನೆಗೆ ಹೋಬಳಿಗೊಂದಾದರೂ ತೆರೆದಿರಲಿ. ಹಾಗಾದರೆ ಆ ಕಾಕಾ ಬೆಂಕಿಪೊಟ್ಟಣ ಹುಡುಕುವುದಿಲ್ಲ.