ತೇಗದ ಉಂಗುರದಲ್ಲಿ ಎರಡು ಮಳೆಗಾಲ

ಶ್ರೀನಿವಾಸಪುರ, ಮುಳಬಾಗಿಲು ಕಡೆಯ ರೈತರು ಉರುಳಿದ ಹಳೆಯ ಮಾವಿನ ಬುಡವನ್ನು ತೋರಿಸಿ, ಹಿಂದಿನ ಬರಗಳನ್ನು ಇದರಲ್ಲಿ ಓದಬಹುದೇ ಎಂದು ಕೇಳುವುದುಂಟು. ಮಾವು, ಹುಣಸೆಗಳಲ್ಲಿ ವರ್ಷಕ್ಕೊಂದೇ ಉಂಗುರ ಮೂಡುತ್ತದೆಂಬ ಭರವಸೆ ಇಲ್ಲದ್ದರಿಂದ ಅವು ಈ ಕೆಲಸಕ್ಕೆ ಒದಗುವುದಿಲ್ಲ. ತೇಗ ಒದಗುತ್ತದೆ. ಬೇಸಿಗೆಯಲ್ಲಿ ಎಲೆಯುದುರಿಸಿ ಬೆಳವಣಿಗೆ ನಿಲ್ಲಿಸುವ ಈ ಮರ, ಮಳೆಯೊಡನೆ ದೊಡ್ಡ ರಂಧ್ರಗಳ ಹೊಸ ಸಾಲನ್ನು ಕಟ್ಟುವುದರಿಂದ ವರ್ಷ ವರ್ಷದ ನಡುವಿನ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಮರ ಕಡಿಯಬೇಕಾಗಿಯೂ ಇಲ್ಲ. ಟೊಳ್ಳು ಬೈರಿಗೆಯಿಂದ ಪೆನ್ಸಿಲಿಗಿಂತ ತೆಳುವಾದ ಕಡ್ಡಿಯಷ್ಟು ತಿರುಳನ್ನು ತೆಗೆದರೆ ಸಾಕು.

ಮಳೆ ಸೋತ ವರ್ಷ ಉಂಗುರ ಕಿರಿದಾಗುತ್ತದೆ. ಆದರೆ ಒಂದು ಮರದ ಕಿರಿದಾದ ಉಂಗುರವನ್ನು ಕಂಡು ದೂರದ ಸಾಗರವೇ ಬರಕ್ಕೆ ಕಾರಣವೆನ್ನುವುದು ಸರಿಯಲ್ಲ. ಎಲೆ ತಿನ್ನುವ ಹುಳು, ಸವರಿದ ಕೊಂಬೆ, ಪಕ್ಕದ ಮರದ ನೆರಳು, ಏರುವ ವಯಸ್ಸು, ಎಲ್ಲವೂ ಉಂಗುರವನ್ನು ಕಿರಿದಾಗಿಸುತ್ತವೆ. ಹಲವು ಮರಗಳ ಉಂಗುರಗಳನ್ನು ವರ್ಷಕ್ಕೆ ವರ್ಷ ಹೊಂದಿಸಿ, ವಯಸ್ಸಿನ ಪ್ರಭಾವವನ್ನು ಕಳೆದು, ಮಳೆಯ ದಾಖಲೆಯೊಡನೆ ತಾಳೆ ನೋಡಿದ ಮೇಲೂ, ದೂರದೂರದ ಕಾಡುಗಳು ಒಂದೇ ವರ್ಷ ಸೊರಗಿದ್ದರೆ ಮಾತ್ರ ಶಾಂತಸಾಗರದ ಮೇಲ್ಮೈ ನೀರು ಕೆಲವು ವರ್ಷಗಳಿಗೊಮ್ಮೆ ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೋ ಕಾರಣವಿರಬಹುದೆಂದು ಹೇಳಲು ಆಧಾರ ಸಿಗುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ, ಕೇರಳದ ತೇಗದ 523 ವರ್ಷಗಳ ದಾಖಲೆಯಲ್ಲಿ ಎಲ್ ನಿನೋ ಸಂಬಂಧದ ಬರಗಳ ಗುರುತು ಸಿಕ್ಕಿತು. ಅದೇ ವರ್ಷ, 300ಕ್ಕೂ ಹೆಚ್ಚು ಉಂಗುರ ದಾಖಲೆಗಳಿಂದ ಮಾನ್ಸೂನ್ ಏಷ್ಯಾದ ಬರಗಳ ನಕಾಶೆಯೂ ಸಿದ್ಧವಾಯಿತು. ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ 1876–78ರ ಕ್ಷಾಮ, ಮೈಸೂರು ಸಂಸ್ಥಾನದ ಹಳ್ಳಿಗಳನ್ನೇ ಬರಿದುಮಾಡಿದ ಆ ಕ್ಷಾಮ, ಅಲ್ಲಿ ಏಷ್ಯಾದ ಬಹುಭಾಗಕ್ಕೆ ಹರಡಿ ಕಾಣುತ್ತದೆ.

ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಈ ಓದು ಇನ್ನೂ ಕಷ್ಟದ್ದು, ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದದ್ದೂ ಇದೇ. ನಮ್ಮ ಮಳೆ ಹೆಚ್ಚಾಗಿ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಅಂದರೆ ಮುಂಗಾರಿನ ಕೊನೆ ಹಿಂಗಾರಿನ ಆರಂಭವನ್ನು ಕೂಡುವ ಹೊತ್ತಿನಲ್ಲಿ. ಎಲ್ ನಿನೋ ಮುಂಗಾರನ್ನು ಕುಗ್ಗಿಸುವುದೇ ಹೆಚ್ಚು; ದಕ್ಷಿಣದ ಹಿಂಗಾರನ್ನು ಮಾತ್ರ ಅದು ಹಲವು ಸಲ ಬಲಪಡಿಸುತ್ತದೆ. ಒಂದರ ನಷ್ಟವನ್ನು ಇನ್ನೊಂದು ತುಂಬಿದ ವರ್ಷದಲ್ಲಿ ಉಂಗುರದ ಅಗಲ ಸಾಧಾರಣವಾಗಿಯೇ ಉಳಿಯಬಹುದು. ಆಷಾಢದಲ್ಲಿ ರಾಗಿ ಬಿತ್ತಲಾಗದೆ ಕಾದ ರೈತನ ಸಂಕಟ ಆ ಅಗಲದಲ್ಲಿ ಕಾಣುವುದಿಲ್ಲ.

ಹಾಗಾಗಿ ಇಲ್ಲಿ ಅಗಲವನ್ನಷ್ಟೇ ಅಳೆದರೆ ಸಾಲದು. ಹಿಂಗಾರಿನ ನೀರಿನಲ್ಲಿ ಭಾರದ ಆಮ್ಲಜನಕದ, ಅಂದರೆ ತೂಕ ತುಸು ಹೆಚ್ಚಿರುವ ಆಮ್ಲಜನಕ ಪರಮಾಣುಗಳ, ಪ್ರಮಾಣ ಸಾಮಾನ್ಯವಾಗಿ ಕಡಿಮೆ ಇರುತ್ತದೆ; ಒಂದೇ ಉಂಗುರವನ್ನು ಮೊದಲಿನಿಂದ ಕೊನೆಯವರೆಗೆ ತೆಳು ಚೂರುಗಳಾಗಿ ಸೀಳಿ, ಪ್ರತಿ ಚೂರಿನ ಸೆಲ್ಯುಲೋಸಿನಲ್ಲಿ (ಮರದ ನಾರಿನ ವಸ್ತುವಿನಲ್ಲಿ) ಆ ಆಮ್ಲಜನಕವನ್ನು ಅಳೆದರೆ, ಮರ ಯಾವ ಮಳೆಯ ನೀರನ್ನು ಕುಡಿದು ಬೆಳೆಯಿತೆಂದು ಬಿಡಿಸಿ ನೋಡುವ ದಾರಿ ತೆರೆಯುತ್ತದೆ.