ಗಾಳಿಗೆ ಹೇಳಿದ ಮಾತನ್ನು ಕೇಳಿದವರೆಷ್ಟು?

ಪತ್ರಿಕೆಯ ಮಾಲೀಕನಿಗೆ ನಿನ್ನೆ ಎಷ್ಟು ಪ್ರತಿ ಖರ್ಚಾಯಿತು ಎಂಬುದು ಗೊತ್ತಿರುತ್ತದೆ, ಟಾಕೀಸಿನವನಿಗೆ ಹರಿದ ಟಿಕೆಟ್ಟುಗಳ ಲೆಕ್ಕವಿರುತ್ತದೆ. ರೇಡಿಯೋದವನಿಗೆ ಮಾತ್ರ ಇಂಥ ಯಾವ ಆಧಾರವೂ ಇಲ್ಲ. ಪ್ರಸಾರ ಕೇಂದ್ರದಿಂದ ಹೊರಟ ಅಲೆಯನ್ನು ಒಬ್ಬ ಹಿಡಿದರೂ ಹತ್ತು ಲಕ್ಷ ಜನ ಹಿಡಿದರೂ ಕೇಂದ್ರದ ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ಕೇಳುಗನ ಪೆಟ್ಟಿಗೆಯಿಂದ ಹಿಂದಕ್ಕೆ ಏನೂ ಬರುವುದಿಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 30 ವ್ಯಾಟ್‌ನ ಪುಟ್ಟ ಪ್ರೇಷಕವೊಂದನ್ನು ಇಟ್ಟುಕೊಂಡು ‘ಆಕಾಶವಾಣಿ’ಯನ್ನು ಆರಂಭಿಸಿದಾಗಲೂ, ಇಂದು ಬೆಂಗಳೂರಿನ ಎಫ್‌ಎಂ ಕೇಂದ್ರವೊಂದರಲ್ಲಿ ಆರ್‌ಜೆ ಬೆಳಗಿನ ನಮಸ್ಕಾರ ಹೇಳುವಾಗಲೂ, ಈ ಕುರುಡುತನ ಒಂದೇ. ಆದ್ದರಿಂದ ಕೇಳುಗರನ್ನು ಎಣಿಸಲು ಬೇರೆ ದಾರಿಗಳನ್ನು ಹುಡುಕಬೇಕಾಯಿತು, ಮತ್ತು ಎಣಿಸುವ ದಾರಿ ಬದಲಾದಾಗಲೆಲ್ಲ ಬಾನುಲಿಯಲ್ಲಿ ಕೇಳಿಬರುವುದೂ ಬದಲಾಯಿತು.

ಎಲ್ಲಕ್ಕಿಂತ ಹಳೆಯ ದಾರಿಯೆಂದರೆ ಅಂಚೆ. 1952ರಲ್ಲಿ ಕೇಂದ್ರ ಸಚಿವ ಬಿ. ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದಾಗ ಕೇಳುಗರು ರೇಡಿಯೋ ಸಿಲೋನಿನ ಕಡೆಗೆ ವಾಲಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ್ದು ಆ ಕೇಳುಗರನ್ನು ಮರಳಿ ಕರೆತರಲು. ಎರಡೂ ಕಡೆಗಳಲ್ಲಿ ಕೋರಿಕೆಯ ಪತ್ರಗಳು ರಾಶಿ ಬೀಳುತ್ತಿದ್ದವು. ಆ ಪತ್ರಗಳಿಂದಲೇ ದೇಶಕ್ಕೆಲ್ಲ ಪರಿಚಿತವಾದ ಊರು ಝುಮ್ರಿ ತಿಲೈಯಾ. ಇಂದಿನ ಜಾರ್ಖಂಡ್‌ನ ಕೋಡರ್ಮಾ ಜಿಲ್ಲೆಯ, ಅಭ್ರಕದ ಗಣಿಗಳಿಗೆ ಹೆಸರಾದ ಆ ಚಿಕ್ಕ ಪಟ್ಟಣದಿಂದ ಬರುತ್ತಿದ್ದ ಕೋರಿಕೆಗಳು ಎಷ್ಟಿದ್ದವೆಂದರೆ, ಅಂಥದೊಂದು ಊರು ನಿಜಕ್ಕೂ ಇದೆಯೇ ಎಂದು ಅನೇಕರು ಸಂಶಯಪಟ್ಟರು. ಪತ್ರಗಳನ್ನೇ ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಭಾರತದ ಕೇಳುಗರ ರಾಜಧಾನಿ ಝುಮ್ರಿ ತಿಲೈಯಾ ಆಗಬೇಕಿತ್ತು. ಕಾರ್ಡು ಬರೆಯುವವನು ಕೇಳುಗರ ಪ್ರತಿನಿಧಿಯಲ್ಲ, ಕಾರ್ಡು ಬರೆಯುವ ಹುರುಪುಳ್ಳವರ ಪ್ರತಿನಿಧಿ; ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ದಿನವೂ ಮೂರು ಗಂಟೆ ರೇಡಿಯೋ ಕೇಳಿ ಒಮ್ಮೆಯೂ ಪತ್ರ ಬರೆಯದವರ ಲೆಕ್ಕ ಆ ರಾಶಿಯಲ್ಲಿ ಇಲ್ಲ.

ಜಾಹೀರಾತಿನ ಹಣದಿಂದಲೇ ರೇಡಿಯೋ ನಡೆಯುತ್ತಿದ್ದ ಅಮೆರಿಕದಲ್ಲಿ ಇಂಥ ಅಂದಾಜು ಸಾಲಲಿಲ್ಲ. 1930ರಲ್ಲಿ ಆರ್ಚಿಬಾಲ್ಡ್ ಕ್ರಾಸ್ಲಿಯವರ ತಂಡ ಮನೆಗಳಿಗೆ ಫೋನು ಮಾಡಿ, ಹಿಂದಿನ ದಿನ ಏನು ಕೇಳಿದಿರಿ ಎಂದು ವಿಚಾರಿಸತೊಡಗಿತು. ಇದರಲ್ಲಿ ಜನರ ನೆನಪಿನ ದೋಷವಿದೆ ಎಂದು ವಾದಿಸಿದ ಸಿ. ಇ. ಹೂಪರ್ ಪ್ರಶ್ನೆಯನ್ನೇ ಬದಲಿಸಿದರು: ಫೋನು ಬಡಿದುಕೊಂಡಾಗ ನಿಮ್ಮ ಮನೆಯಲ್ಲಿ ರೇಡಿಯೋ ಹಾಕಿತ್ತೇ, ಹಾಕಿದ್ದರೆ ಯಾವ ಕಾರ್ಯಕ್ರಮ? ನೆನಪಿನ ತೊಂದರೆ ತಪ್ಪಿತು, ಆದರೆ ಫೋನಿಲ್ಲದ ಮನೆಗಳು ಲೆಕ್ಕದ ಹೊರಗೇ ಉಳಿದವು. ಮೂರನೆಯ ಉಪಾಯ ಎಂಐಟಿಯ ರಾಬರ್ಟ್ ಎಲ್ಡರ್ ಮತ್ತು ಲೂಯಿ ವುಡ್ರಫ್ ಅವರದು. ಅವರ ‘ಆಡಿಮೀಟರ್’ ರೇಡಿಯೋಗೆ ಜೋಡಿಸಿದ ಒಂದು ಪೆಟ್ಟಿಗೆ. ಮುಳ್ಳು ಯಾವ ಕೇಂದ್ರದ ಮೇಲೆ ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ಅದು ಕಾಗದದ ಪಟ್ಟಿಯ ಮೇಲೆ ಗೀಚುತ್ತಿತ್ತು. 1936ರಲ್ಲಿ ಅದನ್ನು ಕೊಂಡ ನೀಲ್ಸನ್ ಕಂಪನಿ 1942ರಲ್ಲಿ ದೇಶವ್ಯಾಪಿ ಲೆಕ್ಕ ಕೊಡತೊಡಗಿತು. ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ರೇಡಿಯೋ ಹಾಡುತ್ತಿದ್ದ ಕೋಣೆಯಲ್ಲಿ ಮನುಷ್ಯರಿದ್ದರೋ ಬೆಕ್ಕು ಮಲಗಿತ್ತೋ ಎಂಬುದು ಅದಕ್ಕೆ ತಿಳಿಯದು.

ಯಾವ ದಾರಿ ಹಿಡಿದರೂ ಎಲ್ಲರನ್ನೂ ಕೇಳಲಾಗುವುದಿಲ್ಲ, ಒಂದು ಮಾದರಿಯನ್ನು ಆರಿಸಿಕೊಳ್ಳಲೇಬೇಕು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವಲ್ಲ, ಅದು ಸರಿಯಾಗುವುದು ಪಾತ್ರೆಯನ್ನು ಚೆನ್ನಾಗಿ ಕದಡಿದ್ದರೆ ಮಾತ್ರ. ಕದಡಿದ ಮೇಲೂ ಗಣಿತದ ಒಂದು ಮಿತಿ ಉಳಿಯುತ್ತದೆ. ಐನೂರು ಜನರ ಮಾದರಿಯಲ್ಲಿ ಶೇಕಡಾ 5 ಮಂದಿ ಒಂದು ಕೇಂದ್ರವನ್ನು ಕೇಳುತ್ತಿದ್ದಾರೆಂದು ಕಂಡುಬಂದರೆ, ಊರಿನಲ್ಲಿ ಅದರ ನಿಜವಾದ ಪಾಲು ಸುಮಾರು ಶೇಕಡಾ 3ರಿಂದ 7ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಈ ಅನಿಶ್ಚಿತತೆಯನ್ನು ಅರ್ಧಕ್ಕೆ ಇಳಿಸಲು ಮಾದರಿಯನ್ನು ಇಮ್ಮಡಿ ಮಾಡಿದರೆ ಸಾಲದು, ನಾಲ್ಕು ಪಟ್ಟು ಮಾಡಬೇಕು. ಖರ್ಚೂ ಹಾಗೆಯೇ ಏರುತ್ತದೆ. ಹೀಗಿದ್ದೂ, 4.6 ಪಡೆದ ಕೇಂದ್ರ 4.9 ಪಡೆದ ಕೇಂದ್ರಕ್ಕೆ ಸೋತಿತೆಂದು ನಿರೂಪಕರು ಕೆಲಸ ಕಳೆದುಕೊಳ್ಳುವಂಥ ಉದ್ಯಮವಿದು. ಎಷ್ಟು ಜನ ಕೇಳಿದರು ಎಂಬುದರ ಜೊತೆಗೆ ಕೇಳಿದವರಿಗೆ ಎಷ್ಟು ಹಿಡಿಸಿತು ಎಂಬುದನ್ನೂ ಬೇರೆಯಾಗಿ ಅಳೆದ ಬಿಬಿಸಿಯ ರಾಬರ್ಟ್ ಸಿಲ್ವಿಯವರ ಪದ್ಧತಿ ನನ್ನ ಮಟ್ಟಿಗೆ ಇದಕ್ಕಿಂತ ಹೆಚ್ಚು ವಿವೇಕದ್ದು. ಆದರೆ ಬಿಬಿಸಿ ಜಾಹೀರಾತು ಮಾರಬೇಕಾಗಿರಲಿಲ್ಲ.

ಜಾಹೀರಾತು ಮಾರುವವರು ಎರಡು ಅಂಕಿಗಳನ್ನು ನೋಡುತ್ತಾರೆ: ವಾರದಲ್ಲಿ ಒಮ್ಮೆಯಾದರೂ ಬಂದು ಹೋದವರು ಎಷ್ಟು, ಮತ್ತು ಬಂದವರು ಎಷ್ಟು ಹೊತ್ತು ನಿಂತರು. ಒಂದು ಲಕ್ಷ ಜನ ಹತ್ತು ಹತ್ತು ನಿಮಿಷ ಕೇಳಿದರೂ, ಹತ್ತು ಸಾವಿರ ಜನ ನೂರು ನೂರು ನಿಮಿಷ ಕೇಳಿದರೂ ಒಟ್ಟು ಕೇಳಿಕೆ ಹತ್ತು ಲಕ್ಷ ನಿಮಿಷಗಳೇ. ಮೊದಲನೆಯದು ಬಸ್‌ಸ್ಟ್ಯಾಂಡಿನ ಚಹಾದಂಗಡಿ, ಎರಡನೆಯದು ಓಣಿಯ ಜಗಲಿಕಟ್ಟೆ. ಚಹಾದಂಗಡಿ ನಡೆಸುವವನು ಎಲ್ಲರಿಗೂ ಗೊತ್ತಿರುವ ಹಾಡುಗಳನ್ನೇ ಮತ್ತೆ ಮತ್ತೆ ಹಾಕಬೇಕು, ಜಗಲಿಕಟ್ಟೆಯವನು ಅದೇ ಹಾಡನ್ನು ಮತ್ತೆ ಹಾಕಿದರೆ ಜನ ಎದ್ದು ಹೋಗುತ್ತಾರೆ.

ಅಮೆರಿಕದಲ್ಲಿ ಈ ಲೆಕ್ಕ ನಡೆಯುವುದು ಕಾಲು ಗಂಟೆಯ ತುಂಡುಗಳಲ್ಲಿ. ಒಂದು ಕಾಲು ಗಂಟೆಯಲ್ಲಿ ಐದು ನಿಮಿಷ ಕೇಳಿದವನನ್ನು ಇಡೀ ಕಾಲು ಗಂಟೆ ಕೇಳಿದವನೆಂದು ಬರೆದುಕೊಳ್ಳುವುದು ದೀರ್ಘಕಾಲದ ನಿಯಮವಾಗಿತ್ತು. ಈ ಒಂದು ನಿಯಮ ಅಲ್ಲಿನ ರೇಡಿಯೋ ಗಡಿಯಾರವನ್ನೇ ರೂಪಿಸಿತು. ಜಾಹೀರಾತುಗಳನ್ನು 12ನೇ ನಿಮಿಷದಿಂದ 18ನೇ ನಿಮಿಷದವರೆಗೆ, 15ರ ಗೆರೆಯ ಎರಡೂ ಬದಿಗೆ ಹರಡಿಬಿಟ್ಟರೆ, ಬೇಸತ್ತು ಹೋದವನು ಹೋಗುವ ಮೊದಲೇ ಮೊದಲ ತುಂಡಿನ ಲೆಕ್ಕ ತುಂಬಿಸಿರುತ್ತಾನೆ, ಮರಳಿ ಬಂದರೆ ಎರಡನೆಯದನ್ನು ತುಂಬಿಸಲು ಇನ್ನೂ ಹನ್ನೆರಡು ನಿಮಿಷಗಳಿರುತ್ತವೆ. ಹಾಗೆಯೇ 45ರ ಆಸುಪಾಸಿನಲ್ಲಿ ಇನ್ನೊಂದು ಕಂತು. ಎಲ್ಲ ಕೇಂದ್ರಗಳೂ ಇದೇ ಲೆಕ್ಕ ಹಾಕಿದ್ದರಿಂದ, ಜಾಹೀರಾತು ಬಂತೆಂದು ಮುಳ್ಳು ತಿರುಗಿಸಿದ ಕೇಳುಗನಿಗೆ ಪಕ್ಕದ ಕೇಂದ್ರದಲ್ಲಿಯೂ ಜಾಹೀರಾತೇ ಎದುರಾಗುತ್ತದೆ.

ದಶಕಗಳ ಕಾಲ ಈ ಅಂಕಿಗಳು ಬಂದದ್ದು ಆರ್ಬಿಟ್ರಾನ್ ಕಂಪನಿಯ ಡೈರಿಗಳಿಂದ. ಆಯ್ದ ಜನರು ವಾರದುದ್ದಕ್ಕೂ ತಾವು ಕೇಳಿದ್ದನ್ನು ಬರೆದಿಡಬೇಕಿತ್ತು. ಅವರು ಮೆಚ್ಚಿನ ಕೇಂದ್ರದ ಹೆಸರನ್ನು ಧಾರಾಳವಾಗಿಯೂ, ಹೊತ್ತನ್ನು ದುಂಡುದುಂಡಾಗಿಯೂ ಬರೆದರು. 2007ರಿಂದ ಆ ಕಂಪನಿ ದೊಡ್ಡ ನಗರಗಳಲ್ಲಿ ಡೈರಿಯ ಬದಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಮಾಪಕವನ್ನು ತಂದಿತು. ಇದರ ಹಿಂದಿನ ವಿಜ್ಞಾನ ಸೊಗಸಾದದ್ದು. ಮದುವೆ ಮನೆಯಲ್ಲಿ ನಾಗಸ್ವರ ಜೋರಾಗಿ ನುಡಿಯುವಾಗ ಅದೇ ಸ್ವರದ ಆಸುಪಾಸಿನಲ್ಲಿ ಯಾರಾದರೂ ಮೆಲ್ಲಗೆ ಗುನುಗಿದರೆ ನಮ್ಮ ಕಿವಿಗೆ ಬೀಳುವುದಿಲ್ಲ. ಗಟ್ಟಿ ಸದ್ದು ತನ್ನ ನೆರೆಯ ಕಂಪನಾಂಕಗಳ ಸಣ್ಣ ಸದ್ದನ್ನು ಮುಚ್ಚಿಬಿಡುತ್ತದೆ. ಪ್ರಸಾರ ಕೇಂದ್ರದಲ್ಲಿಟ್ಟ ಯಂತ್ರವೊಂದು 1ರಿಂದ 3 ಕಿಲೋಹರ್ಟ್ಸ್ ನಡುವೆ ಹಾಡಿನ ಅಡಿಯಲ್ಲಿ ಕೇಂದ್ರದ ಗುರುತನ್ನು ಹೀಗೆ ಅಡಗಿಸಿಡುತ್ತದೆ. ಮನುಷ್ಯನ ಕಿವಿಗೆ ತಿಳಿಯದ ಆ ಗುರುತು ಸೊಂಟದ ಮಾಪಕಕ್ಕೆ ತಿಳಿಯುತ್ತದೆ.

ಅಳತೆ ಬದಲಾದೊಡನೆ ಜನರ ಚಿತ್ರವೂ ಬದಲಾಯಿತು. ಒಬ್ಬೊಬ್ಬರೂ ತಾವು ಬರೆದುಕೊಳ್ಳುತ್ತಿದ್ದುದಕ್ಕಿಂತ ಹೆಚ್ಚು ಕೇಂದ್ರಗಳ ನಡುವೆ, ಕಡಿಮೆ ಹೊತ್ತು ನಿಂತು ಅಲೆಯುತ್ತಿದ್ದರು. ಅಂಗಡಿ, ಕಚೇರಿಗಳಲ್ಲಿ ಸದಾ ಹಾಡುವ ಮೃದು ಸಂಗೀತದ ಕೇಂದ್ರಗಳು ಮೇಲೇರಿದವು, ಏಕೆಂದರೆ ಮಾಪಕಕ್ಕೆ ಕೇಳುವುದೂ ಕಿವಿಗೆ ಬೀಳುವುದೂ ಒಂದೇ. ನಿರೂಪಕ ಮಾತಿಗೆ ನಿಂತ ನಿಮಿಷದಲ್ಲೇ ಎಷ್ಟು ಜನ ಎದ್ದುಹೋದರೆಂಬುದು ಕಾಣತೊಡಗಿದ್ದರಿಂದ ಮಾತು ಮೊಟಕಾಯಿತು. ಆದರೆ ‘ಸ್ಮೂತ್ ಜಾಝ್’ ಎಂಬ ಹಗುರ ವಾದ್ಯಸಂಗೀತದ ಪ್ರಕಾರವೇ ನಗರಗಳಿಂದ ಕಣ್ಮರೆಯಾಗುತ್ತ ಬಂತು, ನ್ಯೂಯಾರ್ಕಿನ 101.9 ಕೇಂದ್ರ 2008ರ ಫೆಬ್ರುವರಿಯಲ್ಲಿ ಅದನ್ನು ಬಿಟ್ಟು ರಾಕ್ ಸಂಗೀತಕ್ಕೆ ಹೊರಳಿತು. ಮೌನಗಳಿರುವ ಮಾತಿನಲ್ಲಿ, ತೆಳುವಾದ ಸಂಗೀತದಲ್ಲಿ ಗುರುತನ್ನು ಅಡಗಿಸಲು ಮರೆಯೇ ಸಾಲದು, ಹಾಗಾಗಿ ಕೇಳಿದವರೂ ಲೆಕ್ಕಕ್ಕೆ ಸಿಗುತ್ತಿಲ್ಲ ಎಂಬ ಅನುಮಾನ ರೇಡಿಯೋದವರಲ್ಲಿ ಬಲವಾಯಿತು. 2014ರ ಹೊತ್ತಿಗೆ ಆ ಗುರುತನ್ನು ಗಟ್ಟಿಗೊಳಿಸುವ ‘ವೋಲ್ಟೇರ್’ ಎಂಬ ಯಂತ್ರ ಸುಮಾರು 15,000 ಡಾಲರಿಗೆ ಮಾರುಕಟ್ಟೆಗೆ ಬಂತು. ಅಷ್ಟರಲ್ಲಿ ಆರ್ಬಿಟ್ರಾನನ್ನು ಕೊಂಡಿದ್ದ ನೀಲ್ಸನ್ ಮುಂದಿನ ವರ್ಷ ತಾನೇ ಗುರುತಿನ ಬಲವನ್ನು ಹೆಚ್ಚಿಸಿತು. ಇದಕ್ಕೂ ಮೊದಲೇ, ಮಾದರಿಯಲ್ಲಿ ಕರಿಯರಿಗೂ ಲ್ಯಾಟಿನೋಗಳಿಗೂ ತಕ್ಕ ಪಾಲಿಲ್ಲವೆಂದು ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ರಾಜ್ಯಗಳು 2008ರಲ್ಲಿ ನ್ಯಾಯಾಲಯಕ್ಕೆ ಹೋಗಿದ್ದವು. ಮಾದರಿಯನ್ನು ತಿದ್ದುವ ಒಪ್ಪಂದದೊಂದಿಗೆ 2009ರಲ್ಲಿ ಆ ವ್ಯಾಜ್ಯ ಮುಗಿಯಿತು. 2025ರ ಜನವರಿಯಿಂದ, ಮಾಪಕವಿರುವ ನಗರಗಳಲ್ಲಿ ಐದು ನಿಮಿಷದ ನಿಯಮ ಮೂರು ನಿಮಿಷಕ್ಕಿಳಿಯಿತು. ಒಬ್ಬನೇ ಒಬ್ಬ ಹೊಸ ಕೇಳುಗ ಬರದಿದ್ದರೂ ಅಂಕಿಗಳು ಏರಿದವು.

ನಮ್ಮಲ್ಲಿ ಇಂಥ ಮಾಪಕದ ಜಗಳವೂ ಇಲ್ಲ, ಏಕೆಂದರೆ ಮಾಪಕವೇ ಇಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈನಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಮಾಧ್ಯಮಗಳ ವೀಕ್ಷಕರನ್ನೂ ಕೇಳುಗರನ್ನೂ ಅಳೆಯುವ ಟ್ಯಾಮ್ ಸಂಸ್ಥೆ 2007ರಲ್ಲಿ ಬೆಂಗಳೂರೂ ಸೇರಿದಂತೆ ಕೆಲವು ಮಹಾನಗರಗಳಲ್ಲಿ ಡೈರಿಯ ಲೆಕ್ಕ ಆರಂಭಿಸಿತು. ಮೊದಮೊದಲು ಹಿಂದಿ, ಇಂಗ್ಲಿಷ್ ಹಾಡುಗಳನ್ನೇ ನೆಚ್ಚಿದ್ದ ಬೆಂಗಳೂರಿನ ಎಫ್‌ಎಂ ಲೋಕ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಕನ್ನಡ ಹಾಡುಗಳತ್ತ ತಿರುಗಿತು. ಕಾರಣಗಳು ಹಲವಿದ್ದರೂ, ನಗರದ ನಿಜವಾದ ಕೇಳುಗರು ಯಾರೆಂಬ ಪ್ರಶ್ನೆ ಜಾಹೀರಾತುದಾರರ ಮುಂದೆ ಬಂದು ನಿಂತದ್ದು ಅವುಗಳಲ್ಲೊಂದು ಎಂದು ನನ್ನ ಎಣಿಕೆ. ಹುಬ್ಬಳ್ಳಿ, ಕಲಬುರಗಿಯಂಥ ಊರುಗಳ ಕೇಳುಗರ ಬಗ್ಗೆ ವಾರವಾರದ ಲೆಕ್ಕವೆಂಬುದು ಬಂದೇ ಇಲ್ಲ.

ಈಗ ಮೊಬೈಲಿನಲ್ಲಿ ಅಂತರಜಾಲದ ಮೂಲಕ ಆಕಾಶವಾಣಿ ಕೇಳುವವರ ವಿಷಯದಲ್ಲಿ ಹಳೆಯ ಕುರುಡುತನ ನೀಗಿದಂತೆ ಕಾಣುತ್ತದೆ. ದೂರದೇಶದಲ್ಲಿ ಕುಳಿತು ಬೆಂಗಳೂರು ಕೇಂದ್ರದ ಕನ್ನಡ ವಾರ್ತೆ ಕೇಳುವವನ ಸಂಪರ್ಕ ಸರ್ವರಿನಲ್ಲಿ ದಾಖಲಾಗುತ್ತದೆ. ಆದರೆ ಅದು ಎಣಿಸುವುದು ಸಂಪರ್ಕಗಳನ್ನು, ಕಿವಿಗಳನ್ನಲ್ಲ: ಒಂದೇ ಫೋನಿನ ಸುತ್ತ ನಾಲ್ವರು ಕುಳಿತಿದ್ದರೂ ಒಂದು, ಜೇಬಿನಲ್ಲಿ ಯಾರಿಗೂ ಕೇಳದಂತೆ ಹಾಡುತ್ತಿದ್ದರೂ ಒಂದು. ಪಾಡ್‌ಕಾಸ್ಟ್‌ಗಳಲ್ಲಿ ಒಂದು ನಿಮಿಷದಷ್ಟು ಧ್ವನಿ ಫೋನಿಗೆ ಇಳಿದರೆ ಒಂದು ಡೌನ್‌ಲೋಡ್ ಎಂದು ಉದ್ಯಮ ಒಪ್ಪಿಕೊಂಡಿದೆ, ಅದನ್ನು ಯಾರೂ ಕೇಳದಿದ್ದರೂ ಸರಿ. 2023ರಲ್ಲಿ ಆ್ಯಪಲ್ ತನ್ನ ಐಫೋನಿನ ತಂತ್ರಾಂಶದಲ್ಲಿ, ಕೇಳದೆ ಬಿದ್ದಿರುವ ಕಂತುಗಳು ತಾವಾಗಿಯೇ ಇಳಿಯುವುದನ್ನು ಕಡಿಮೆ ಮಾಡಿದಾಗ, ಹೆಸರಾಂತ ಪಾಡ್‌ಕಾಸ್ಟ್‌ಗಳ ಡೌನ್‌ಲೋಡ್ ಸಂಖ್ಯೆಗಳು ಕುಸಿದವು. ಕೇಳುಗರು ಎಲ್ಲಿಗೂ ಹೋಗಿರಲಿಲ್ಲ.